ನಮ್ಮ ಓಣಿ ಗುಡ್ಡ ಏರಿದ ಆಷಾಢ

ಮೊನ್ನೆ ಹತ್ತಿಯ ಸೀರೆಗೆ ಗಂಜಿ ಹಾಕೋಣವೆಂದು ಜೋಳದ ಹಿಟ್ಟು ಕದಡಿ ಒಲೆಯ ಮೇಲಿಟ್ಟು, ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತೆ. ಮಾತಿಗೆ ನಿಂತರೆ ನನಗೆ ಹೊತ್ತುಗೊತ್ತು ಇರುವುದಿಲ್ಲ. ಒಳಗೆ ಬರುವಷ್ಟರಲ್ಲಿ ಗಂಜಿ ತಳ ಹಿಡಿದಿತ್ತು. ಪಾತ್ರೆ ಹಾಳಾಯಿತೆಂದು ಬೈದುಕೊಳ್ಳಬೇಕಾದವಳು ಒಲೆಯ ಮುಂದೆ ಮೂಗರಳಿಸಿ ನಿಂತುಬಿಟ್ಟೆ. ಜೋಳದ ಗಂಜಿ ತುಸು ಸೀದಾಗ ಬರುವ ಆ ಕಮಟು ವಾಸನೆ ಅತ್ತರಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ನನ್ನ ಪಾಲಿಗೆ ಅದು ರಾಮದುರ್ಗದ ನೇಕಾರರ ಓಣಿಯ ಬೆಳಗಿನ ವಾಸನೆ. ಅದರಲ್ಲೂ ಎಪ್ಪತ್ತರ ದಶಕದ ಒಂದು ಆಷಾಢದ್ದು. ಆ ವಾಸನೆ ಓಣಿಯನ್ನು ಬಿಟ್ಟು ಗುಡ್ಡ ಏರಿದ ವರ್ಷ ಅದು. ಏರಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನಮ್ಮ ಕಡೆಯ ಊರುಗಳಿಗೆ ಗುಡ್ಡ ಹೊಸದೇನಲ್ಲ. ಒಂದೊಂದು ಊರು ತನ್ನ ಗುಡ್ಡವನ್ನು ಒಂದೊಂದು ರೀತಿ ದುಡಿಸಿಕೊಂಡಿದೆ. ಸವದತ್ತಿಯವರು ಗುಡ್ಡವನ್ನು ಎಲ್ಲಮ್ಮನಿಗೆ ಬಿಟ್ಟುಕೊಟ್ಟು, ಅಲ್ಲಿಗೆ ಬರುವವರಿಗೆ ಕಾಯಿ, ಕುಂಕುಮ, ಭಂಡಾರದ ಅರಿಶಿನ ಮಾರಿ ಬದುಕಿದರು. ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ಸಂದಿಗೆ ಗೋಡೆ ಹಾಕಿ ಮಲಪ್ರಭೆಯನ್ನೇ ನಿಲ್ಲಿಸಿದ್ದರು. ಆ ಅಣೆಕಟ್ಟು ಆಗ ಇನ್ನೂ ಹೊಸದು, ನೋಡಿ ಬಂದವರು ವಾರಗಟ್ಟಲೆ ಅದನ್ನೇ ಮಾತಾಡುತ್ತಿದ್ದರು. ರಾಮದುರ್ಗದ ಗುಡ್ಡಕ್ಕೆ ಅಂಥ ಭಾಗ್ಯವಿರಲಿಲ್ಲ. ಮನೆ ಕಟ್ಟುವವರು ಅಲ್ಲಿಂದ ಕಲ್ಲು ತಂದರು, ಆಡು ಸಾಕಿದವರು ಮೇಯಿಸಿದರು, ಹೆಂಗಸರು ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಹಾಕಿದರು. ಅಷ್ಟು ಬಿಟ್ಟರೆ ಅದು ಊರಿನ ಬೆನ್ನಿಗೆ ಸುಮ್ಮನೆ ಬಿದ್ದುಕೊಂಡಿತ್ತು. ನಮ್ಮ ಓಣಿಯ ಗಂಡಸರಂತೂ ಅತ್ತ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರಿಗೆ ಗುಡ್ಡ ಕಾಣುವುದಾದರೂ ಹೇಗೆ?

ನನ್ನ ತವರು ಮನೋಳಿ. ನಮ್ಮಪ್ಪ ಮಗ್ಗ ಬಿಟ್ಟು ಹೊಳೆಯ ದಂಡೆಯ ಹೊಲ ಹಿಡಿದವರು. ಹಾಗಾಗಿ ಕುಲದಿಂದ ನೇಕಾರರ ಮಗಳಾದರೂ ನೂಲಿನ ಕೆಲಸ ನನಗೆ ಬಾರದು. ಮದುವೆಯಾಗಿ ರಾಮದುರ್ಗಕ್ಕೆ ಬಂದಾಗ ಮನೆಯಲ್ಲಿ ನಾಲ್ಕೇ ಜನ: ಮಾವ ಈರಪ್ಪ, ಅತ್ತೆ ಗಂಗವ್ವ, ನಮ್ಮವರು, ನಾನು. ಅತ್ತೆಯ ಬಾಯಿ ಓಣಿಗೆಲ್ಲ ಗೊತ್ತಿದ್ದ ಬಾಯಿ. ಆದರೆ ಕಲಿಸುವುದಕ್ಕೆ ಕುಳಿತರೆ ಅಂಥ ತಾಳ್ಮೆಯವರು ಇನ್ನೊಬ್ಬರಿಲ್ಲ. ಮೊದಲು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಲು ಕಲಿಸಿದರು, ಆಮೇಲೆ ಹರಿದ ಎಳೆ ಹೊಸೆಯಲು, ಕಡೆಗೆ ಮಧ್ಯಾಹ್ನ ಮಾವ ಮಲಗಿದ ಹೊತ್ತಿನಲ್ಲಿ ಮಗ್ಗಕ್ಕೆ ಇಳಿಸಿ ಲಾಳಿ ಹೊಡೆಯಲು. ಎರಡು ವರ್ಷದಲ್ಲಿ ನಾನು ನೇಯ್ದ ಸೀರೆಗೂ ನಮ್ಮವರು ನೇಯ್ದದ್ದಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. ನನ್ನದೇ ತುಸು ಮೇಲು ಎಂದು ಅತ್ತೆ ಒಮ್ಮೆ ಬಾಯಿತಪ್ಪಿ ಅಂದಿದ್ದರು.

ಸೀರೆಯ ಉದ್ದಕ್ಕೆ ಹೋಗುವ ನೂಲನ್ನು ಹಾಸು ಎನ್ನುತ್ತಾರೆ. ಹಾಸನ್ನು ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಹಿಡಿಸಬೇಕು. ಇಲ್ಲದಿದ್ದರೆ ಎಳೆಗಳು ತಿಕ್ಕಾಡಿ ಹರಿಯುತ್ತವೆ. ಈ ಕೆಲಸ ಮನೆಯೊಳಗೆ ಆಗುವುದಿಲ್ಲ, ಅಷ್ಟು ಉದ್ದದ ಮನೆ ಯಾರಿಗಿದೆ? ಹಾಗಾಗಿ ಓಣಿಯೇ ನಮ್ಮ ಕಾರಖಾನೆ. ಬೆಳಗಾಗುತ್ತಿದ್ದಂತೆ ಎರಡೆರಡು ಬಿದಿರನ್ನು ಅಡ್ಡಡ್ಡ ಕಟ್ಟಿದ ಕತ್ತರಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಗಂಡಸರು ಎರಡೂ ಬದಿಗೆ ನಿಂತು, ದೊಡ್ಡ ಕುಂಚಗಳಿಂದ ಈ ತುದಿಯಿಂದ ಆ ತುದಿಗೆ ಗಂಜಿ ಬಾಚುತ್ತ ಹೋಗುತ್ತಿದ್ದರು. ಎಳೆ ಒಂದಕ್ಕೊಂದು ಅಂಟಬಾರದು, ಬಾಚಿ ಮುಗಿಯುವ ತನಕ ಒಣಗಲೂಬಾರದು. ಹೆಂಗಸರು ಬಾಗಿಲ ಒಳಗಿನಿಂದಲೇ ಗಂಜಿಯ ಪಾತ್ರೆ ಕೊಡಬೇಕು. ಹಿರಿಯರು ಕಟ್ಟೆಯ ಮೇಲೆ ಕುಳಿತಿರುವಾಗ ಸೊಸೆಯಾದವಳು ಕುಂಚ ಹಿಡಿದು ಓಣಿಯಲ್ಲಿ ಓಡಾಡುವುದೆಂದರೆ ಅದು ಕೇಳಿದ ಮಾತೇ ಅಲ್ಲ.

ಈ ಓಣಿಗೆ ಡಾಂಬರು ರಸ್ತೆ ಬೇಕೆಂದು ಕೇಳಿದವರು ನಾವೇ. ಇದನ್ನು ಎಲ್ಲಿ ಹೇಳಿದರೂ ಜನ ನಗುತ್ತಾರೆ, ನಗಲಿ. ಮಳೆಗಾಲದ ಕೆಸರು ನೂಲಿಗೆ ಸಿಡಿಯುತ್ತದೆ, ಬಿದಿರಿನ ಕತ್ತರಿ ಹುದುಗುತ್ತದೆ, ಡಾಂಬರು ಬಂದರೆ ಓಣಿ ಕನ್ನಡಿಯಾಗುತ್ತದೆ, ಹಾಸು ಹಾಕಲು ಅನುಕೂಲ ಎಂಬುದು ಓಣಿಯ ಹಿರಿಯರಾದ ಸಂಗಪ್ಪ ಕಾಕಾ ಅವರ ಲೆಕ್ಕಾಚಾರ. ಅವರು ಎಲ್ಲರ ಸಹಿ ಹಾಕಿಸಿ, ಹೋಗಬೇಕಾದ ಕಡೆಗೆಲ್ಲ ಹೋಗಿ, ಹೇಳಬೇಕಾದವರಿಗೆಲ್ಲ ಹೇಳಿ, ಬೇಸಿಗೆ ಮುಗಿಯುವುದರೊಳಗೆ ರಸ್ತೆ ತಂದೇಬಿಟ್ಟರು. ಓಣಿಯಲ್ಲಿ ಪೇಢೆ ಹಂಚಿದೆವು. ಡಾಂಬರು ಇನ್ನೂ ಬೆಚ್ಚಗಿರುವಾಗಲೇ ಅದರ ಮೇಲೆ ಬರಿಗಾಲಲ್ಲಿ ನಡೆದು ನೋಡಿದೆವು. ಒಳ್ಳೆಯ ರಸ್ತೆಯ ಮೇಲೆ ಬಸ್ಸು, ಲಾರಿ ಓಡಾಡುತ್ತವೆ ಎಂಬ ಸಣ್ಣ ವಿಚಾರ ಮಾತ್ರ ಓಣಿಯ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಮೊದಲ ವಾರವೇ ಬಸ್ಸು ಬಂತು. ಅದಕ್ಕೆ ಪೇಟೆಯ ಸುತ್ತು ತಪ್ಪಿ ನೆಟ್ಟಗೆ ನಿಲ್ದಾಣಕ್ಕೆ ಹೋಗುವ ದಾರಿ ಸಿಕ್ಕಿತ್ತು. ಆ ಹೊತ್ತಿಗೆ ಓಣಿಯ ತುಂಬ ಹಾಸು ಹರಡಿದ್ದವರು ಬೇರಾರೂ ಅಲ್ಲ, ಸಂಗಪ್ಪ ಕಾಕಾನೇ. ಹಸಿ ಗಂಜಿ, ಅರ್ಧ ಬಾಚಿದ ಎಳೆ, ಎದುರಿಗೆ ಗುರುಗುಟ್ಟುವ ಬಸ್ಸು. ಕಾಕಾ ಕೈ ಅಡ್ಡ ಹಿಡಿದು ನಿಂತರು. ಚಾಲಕ ಕೆಳಗಿಳಿದು ಬಂದ. ಸಿಟ್ಟಿನವನೇನೂ ಅಲ್ಲ, ಸಮಾಧಾನದಿಂದಲೇ ಕೇಳಿದ.

"ರಸ್ತಾ ಬೇಕು ಅಂತ ಅರ್ಜಿ ಕೊಟ್ಟವ್ರು ನೀವ ಅಂತಲ್ರಿ? ಮತ್ತ ಈಗ ಬಂದೈತಿ. ದಾರಿ ಬಿಡ್ರಿ."

ಕಾಕಾ ಅಡ್ಡ ಹಿಡಿದಿದ್ದ ಕೈ ಇಳಿಸಿದರು. ಅವಸರದಲ್ಲಿ ಹಾಸು ಸುತ್ತಿದರು. ಹಸಿಯಾಗಿಯೇ ಸುತ್ತಿದ ಹಾಸು ಮಧ್ಯಾಹ್ನದ ಹೊತ್ತಿಗೆ ಮುದ್ದೆಯಾಗಿ ಅಂಟಿಕೊಂಡು ಹಗ್ಗ ಹೊಸೆಯಲಷ್ಟೇ ಲಾಯಕ್ಕಾಯಿತು.

ಆಮೇಲೆ ಓಣಿಯವರು ಮಾಡದ ಸಾಹಸವಿಲ್ಲ. ಬಸ್ಸು ಬರುವ ಮೊದಲೇ ಮುಗಿಸೋಣವೆಂದರು, ಆಗ ಲಾರಿ ಬಂತು. ಹೊಳೆಯ ದಂಡೆಗೆ ಹೋದರು, ಅಲ್ಲಿ ಕೆಸರು. ಶಾಲೆಯ ಬಯಲಿಗೆ ಹೋದರು, ಅಲ್ಲಿ ಮಕ್ಕಳು. ಗುಡಿಯ ಅಂಗಳ ಅರ್ಧ ಹಾಸಿಗೂ ಸಾಲಲಿಲ್ಲ. ಒಂದೊಂದೇ ಮಗ್ಗ ಬರಿದಾಗತೊಡಗಿತು. ಲಾಳಿಯ ಸದ್ದಿಲ್ಲದ ನಮ್ಮ ಓಣಿ ಹೇಗಿತ್ತೆಂದರೆ, ಬೆಳಗ್ಗೆ ಎದ್ದವಳಿಗೆ ಕಿವಿ ಕೆಟ್ಟಿತೇನೋ ಎಂದು ಅನುಮಾನ ಬರುತ್ತಿತ್ತು. ನಮ್ಮ ಮನೆಯ ಎರಡು ಮಗ್ಗಗಳಲ್ಲಿ ಒಂದು ನಿಂತಿತ್ತು, ಇನ್ನೊಂದರ ಹಾಸು ಮುಗಿಯುತ್ತ ಬಂದಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ ಮಾವ ಮಾತು ತೆಗೆದರು. ಅವರು ಮಾತಾಡುವುದೇ ಅಪರೂಪ.

"ಪಂಚಮಿ ತನಕಾ ನೋಡೂದು. ಆಮ್ಯಾಲೆ ಇಚಲಕರಂಜಿ. ಅಲ್ಲಿ ಬಸಪ್ಪ ಅದಾನ, ಪಾವರಲೂಮಿನ್ಯಾಗ ಕೂಲಿಗೆ ಹಚ್ಚಸ್ತಾನ."

ಬಸಪ್ಪ ಎಂದರೆ ಮಾವನ ತಮ್ಮ. ನನಗೆ ಸಣ್ಣ ಮಾವ. ಹತ್ತಾರು ವರ್ಷಗಳ ಹಿಂದೆಯೇ ಮಗ್ಗ ಬಿಟ್ಟು ಗಡಿಯಾಚೆಯ ಆ ಊರಿಗೆ ಹೋಗಿ ಅಲ್ಲಿನ ವಿದ್ಯುತ್ ಮಗ್ಗದ ಕಾರಖಾನೆ ಸೇರಿದವರು. ಮಾವ ಹೇಳಿದ್ದರ ಅರ್ಥ ನಾಲ್ವರಿಗೂ ಗೊತ್ತಿತ್ತು. ಇಲ್ಲಿನ ಮಗ್ಗ ಬಿಚ್ಚಬೇಕು, ಮನೆಗೆ ಬೀಗ ಹಾಕಬೇಕು, ಅಲ್ಲಿ ಗಂಡಸರು ಪಾಳಿಯ ಮೇಲೆ ಕೆಲಸಕ್ಕೆ ಹೋಗಬೇಕು, ಹೆಂಗಸರು ಬಾಡಿಗೆಯ ಖೋಲಿಯಲ್ಲಿ ಅವರ ದಾರಿ ಕಾಯಬೇಕು. ನನ್ನ ಸಂಕಟ ಊರು ಬಿಡುವುದಕ್ಕಲ್ಲ, ಊರು ಬಿಟ್ಟು ಬಂದೇ ಅಭ್ಯಾಸ ನಮಗೆ ಹೆಣ್ಣುಮಕ್ಕಳಿಗೆ. ಆದರೆ ಆ ಮಗ್ಗ ನನ್ನದಾಗಿತ್ತು. ಎರಡು ವರ್ಷ ಕಲಿತ ವಿದ್ಯೆಯನ್ನು ಬಿಚ್ಚಿ ಕಟ್ಟಿಗೆಯ ರಾಶಿಗೆ ಹಾಕುವುದೆಂದರೆ ನನ್ನ ಕೈಯನ್ನೇ ಕಡಿದಂತೆ ಅನಿಸಿತು.

ನಾಗರ ಪಂಚಮಿ ಹತ್ತಿರ ಬಂತೆಂದರೆ ಮನೆ ಸಾರಿಸಿ ಹಾಸಿಗೆ ಹೊದಿಕೆ ಒಗೆಯುವುದು ನಮ್ಮಲ್ಲಿ ರೂಢಿ. ಮನಸ್ಸು ಕೆಟ್ಟಿದ್ದರೂ ಹಬ್ಬ ಬಿಡಲಾಗುತ್ತದೆಯೇ? ಅತ್ತೆ, ನಾನು ಕೌದಿಗಳನ್ನು ಒಗೆದು ಹೊತ್ತುಕೊಂಡು ಗುಡ್ಡಕ್ಕೆ ಹೋದೆವು. ಗುಡ್ಡದ ನಡುವಿಗೆ ಹೋದರೆ ಅಲ್ಲೊಂದು ಉದ್ದನೆಯ ಹಾಸುಬಂಡೆ ಇದೆ, ಕೆಂಪು ಕಲ್ಲಿನದು. ಮಳೆ ನಿಂತ ಗಳಿಗೆಯಲ್ಲೇ ನೀರು ಹರಿದುಹೋಗಿ ಒಣಗುತ್ತದೆ. ಹಳೆಯ ಸೀರೆಯ ಪದರಿನ ಮೇಲೆ ಪದರು ಇಟ್ಟು ಹೊಲಿದ ಕೌದಿ ಒದ್ದೆಯಾದರೆ ಎಮ್ಮೆಯ ಕರುವಿನಷ್ಟು ಭಾರ. ಅದನ್ನು ಇಳಿಸಿ ಸೊಂಟ ಹಿಡಿದು ನಿಂತವಳಿಗೆ ಬಂಡೆಯ ಆ ತುದಿ ಕಾಣಿಸಿತು. ನಮ್ಮ ಓಣಿಗಿಂತ ಉದ್ದ. ಗಾಡಿಯಿಲ್ಲ, ಬಸ್ಸಿಲ್ಲ, ಕೆಸರಿಲ್ಲ. ದಿನವೂ ಕಾಣುವ ಬಂಡೆಯೇ. ಆದರೆ ಅಲ್ಲಿ ಕೌದಿ ಹರಡಿದವರಿಗೆ ಕೌದಿಯಷ್ಟೇ ಕಂಡಿತ್ತು.

"ಅತ್ತ್ಯಾರ, ಇಲ್ಲಿ ಹಾಸು ಹಾಕಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದೆ.

ಅತ್ತೆ ನನ್ನನ್ನೊಮ್ಮೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಬಂಡೆಯ ಉದ್ದಕ್ಕೂ ಹೆಜ್ಜೆಯ ಮುಂದೆ ಹೆಜ್ಜೆ ಇಡುತ್ತ ನಡೆದು ಹೋಗಿ ಹಾಗೆಯೇ ತಿರುಗಿ ಬಂದರು.

"ಒಂದಲ್ಲ, ಸಾಲಾಗಿ ನಾಕ ಹಾಸು ಹಿಡೀತಾವ. ಸಂಜಿಕೆ ನಾ ಮಾತಾಡ್ತೇನಿ. ನೀ ಬಾಯಿ ಮುಚಗೊಂಡ ಕುಂದ್ರು," ಎಂದರು.

ಸಂಜೆ ಅವರು ಮಾತಾಡಿದರು ಎಂದರೆ ಸಾಲದು. ಮಾವ ಬೇಡವೆನ್ನಲು ಒಂದೊಂದು ಕಾರಣ ತೆಗೆದಂತೆಲ್ಲ ಅತ್ತೆ ಅದನ್ನು ಅಲ್ಲಿಯೇ ಮುರಿದು ಹಾಕಿದರು. ಬಂಡೆಯಲ್ಲಿ ಗೂಟ ಇಳಿಯುವುದಿಲ್ಲ ಎಂದರೆ, ದೊಡ್ಡ ಕಲ್ಲಿಗೆ ಹಗ್ಗ ಸುತ್ತಿ ಎಂದರು. ಗಂಜಿ ಹೊತ್ತು ಯಾರು ಏರುತ್ತಾರೆ ಎಂದರೆ, ಒದ್ದೆ ಕೌದಿ ಹೊರುವ ತಲೆಗಳಿಗೆ ಗಂಜಿಯ ಕೊಡ ಯಾವ ಲೆಕ್ಕ ಎಂದರು. ನಮ್ಮವರು ತಂದೆಯ ಎದುರು ಮಾತಾಡುವವರಲ್ಲ, ಆದರೂ ಒಮ್ಮೆ ನೋಡಿಬಿಡೋಣ ಎಂದು ಗೊಣಗಿದರು. ಸಂಗಪ್ಪ ಕಾಕಾನಿಗೂ ಸುದ್ದಿ ಹೋಯಿತು. ರಸ್ತೆಯ ಪ್ರಕರಣದಿಂದ ಮೆತ್ತಗಾಗಿದ್ದ ಕಾಕಾ ತಮ್ಮದೊಂದು ಹಾಸು ಕೊಡಲು ಒಪ್ಪಿದರು.

ಮೊದಲ ದಿನ ಗಂಡಸರು ಗುಡ್ಡ ಏರಿದ ಠೀವಿಯನ್ನು ನೋಡಬೇಕಿತ್ತು. ಕಾಕಾನ ಹಾಸನ್ನು ಓಣಿಯಲ್ಲಿ ಹೇಗೆ ಹಾಕುತ್ತಿದ್ದರೋ ಹಾಗೆಯೇ ಹಾಕಿದರು. ಅಷ್ಟೇ ದಪ್ಪನೆಯ ಗಂಜಿ, ಅದೇ ಹೊತ್ತು, ಅದೇ ಕುಂಚ. ನಾವು ಹೆಂಗಸರು ಪಾತ್ರೆ ಇಟ್ಟು ದೂರ ನಿಂತೆವು. ಆದರೆ ಅದು ಆಷಾಢ. ನಮ್ಮ ಸೀಮೆಯಲ್ಲಿ ಆಷಾಢವೆಂದರೆ ಮಳೆ ಕಡಿಮೆ, ಗಾಳಿ ಹೆಚ್ಚು. ಪಡುವಲ ಗಾಳಿ ಬಂಡೆಯ ಮೇಲೆ ಬೀಸಿತು ನೋಡಿ, ಕುಂಚ ನಡುವಿಗೆ ಹೋಗುವಷ್ಟರಲ್ಲಿ ಹಿಂದಿನ ಗಂಜಿ ಸೆಟೆದು ಎಳೆಗಳು ಕಸಬರಿಗೆಯ ಕಡ್ಡಿಯಂತಾದವು. ಬಾಚಲು ಹೋದರೆ ಚಟಚಟ ಹರಿದವು. ಹೊಸೆಯಲು ಹೋದರೆ ಇನ್ನೊಂದೆಡೆ ಹರಿದವು. ಸೂರ್ಯ ಮೇಲೇರುವ ಮೊದಲೇ ಎಲ್ಲ ಮುಗಿಯಿತು.

"ಓಣಿ ಕೆಲಸ ಓಣ್ಯಾಗ ಆಗಬೇಕು, ಈರಪ್ಪ. ಗುಡ್ಡಾ ಆಡಿಗೆ ಸರಿ," ಎಂದು ಕಾಕಾ ಹೆಗಲ ಮೇಲಿನ ವಸ್ತ್ರ ಕೊಡವಿ ಇಳಿದು ಹೋದರು. ಅವರ ಹಿಂದೆ ಓಣಿಯ ಗಂಡಸರೂ ಇಳಿದರು. ಮಾವ ಹರಿದ ನೂಲನ್ನು ಗಂಟು ಕಟ್ಟುತ್ತ, ಬಸಪ್ಪನಿಗೆ ಬರಹೇಳುತ್ತೇನೆ, ಬಂದು ಕರೆದುಕೊಂಡು ಹೋಗಲಿ ಎಂದಷ್ಟೇ ಹೇಳಿದರು.

ನನಗೆ ಅಳು ಬಂತು. ಅದು ದುಃಖದ ಅಳುವಲ್ಲ, ಸಿಟ್ಟಿನದು. ನಾಲ್ಕು ಜನರೆದುರು ಅಳಬಾರದೆಂದು ಪಕ್ಕಕ್ಕೆ ಸರಿದೆ. ಬಳಸದೆ ಉಳಿದಿದ್ದ ಎರಡು ಬಿದಿರಿನ ಕತ್ತರಿಗಳಿಗೆ ಗಳ ಹಾಕಿ ಓಣಿಯ ಯಾರೋ ಒದ್ದೆ ಕೌದಿ ನೇತುಹಾಕಿದ್ದರು. ಅದರ ಮರೆಗೆ ಕುಳಿತೆ. ಅತ್ತು ಮುಗಿಯುವಷ್ಟರಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಅಲ್ಲಿ ಗಾಳಿಯಿರಲಿಲ್ಲ. ಸೆರಗು ಅಲುಗಾಡುತ್ತಿರಲಿಲ್ಲ. ಕೌದಿಯಿಂದ ತಂಪು ಹೊಮ್ಮುತ್ತಿತ್ತು. ಗಂಜಿಯ ಪಾತ್ರೆ ಇಳಿಸುವಾಗ ಅಲ್ಲಿ ತುಸು ಚೆಲ್ಲಿತ್ತು, ಬೆರಳಿಟ್ಟು ನೋಡಿದೆ, ಇನ್ನೂ ಹಸಿ. ಎದ್ದು ಹೋಗಿ ಬಯಲಲ್ಲಿ ಚೆಲ್ಲಿದ್ದನ್ನು ಮುಟ್ಟಿದೆ, ಹಪ್ಪಳದಂತೆ ಎದ್ದು ಬಂತು. ಮತ್ತೆ ಕೌದಿಯ ಮರೆಗೆ ಬಂದು ಮುಟ್ಟಿದೆ. ಅತ್ತೆ ನನಗೆ ತಲೆ ಕೆಟ್ಟಿತೆಂದು ಓಡಿ ಬಂದರು. ಅವರ ಬೆರಳು ಹಿಡಿದು ಎರಡೂ ಕಡೆ ಮುಟ್ಟಿಸಿದೆ. ನಮ್ಮ ಓಣಿಗೆ ಎರಡೂ ಬದಿ ಮನೆಗಳ ಗೋಡೆಯಿತ್ತು, ಗಟಾರದ ತಂಪಿತ್ತು. ಇಲ್ಲಿ ಅದಾವುದೂ ಇಲ್ಲ, ಅಷ್ಟೇ ಆಗಿದ್ದು. ಗುಡ್ಡದ್ದೇನೂ ತಪ್ಪಿರಲಿಲ್ಲ. ಓಣಿಯನ್ನು ಮೇಲೆ ತಂದವರು ಗೋಡೆಗಳನ್ನು ಕೆಳಗೇ ಬಿಟ್ಟು ಬಂದಿದ್ದರು.

ನಮ್ಮ ಮನೆಯಲ್ಲಿ ಒಂದೇ ಹಾಸಿನ ನೂಲು ಉಳಿದಿತ್ತು. ಅದು ಕೆಟ್ಟರೆ ಇಚಲಕರಂಜಿಗೆ ಹೋಗುವ ತನಕ ಕೈಯಲ್ಲಿ ಕೆಲಸವೇ ಇಲ್ಲ. ಮಾವ ಅದನ್ನು ಮುಟ್ಟಗೊಡಲಿಲ್ಲ. ಎರಡು ದಿನ ಅತ್ತೆ ಅಡುಗೆ ಮಾಡಿದರು, ಬಡಿಸಿದರು, ಮಾತು ಮಾತ್ರ ಆಡಲಿಲ್ಲ. ಅವರ ಬೈಗುಳಕ್ಕೆ ಒಗ್ಗಿದ ಮಾವನಿಗೆ ಆ ಮೌನ ತಡೆಯಲಾಗಲಿಲ್ಲ. ಮೂರನೆಯ ದಿನ ನೂಲಿನ ಗಂಟು ತಂದು ಅತ್ತೆಯ ಮುಂದಿಟ್ಟು ಹೊರಗೆ ಹೋದರು.

ನಾನು, ಅತ್ತೆ ಓಣಿಯ ಮನೆ ಮನೆಗೆ ಹೋಗಿ ಹೆಂಗಸರಿಗೆ ಹೇಳಿದೆವು. ಇದ್ದಬದ್ದ ಕೌದಿಯನ್ನೆಲ್ಲ ತನ್ನಿ, ಒದ್ದೆ ಮಾಡಿಯೇ ತನ್ನಿ ಎಂದು. ಗಂಡಂದಿರು ಬೇಡವೆಂದ ಮನೆಗಳವರು ಹಬ್ಬದ ಕೌದಿ ಒಗೆದು ಒಣಹಾಕಲು ಹೋಗುತ್ತೇವೆಂದು ಹೇಳಿ ಹೊರಟರು. ಅದರಲ್ಲಿ ಸುಳ್ಳೇನಿದೆ? ಇನ್ನೂ ಬೆಳಕು ಹರಿಯುವಾಗ, ನೀರು ತೊಟ್ಟಿಕ್ಕುವ ಕೌದಿಗಳನ್ನು ತಲೆಯ ಮೇಲೆ ಹೊತ್ತ ಹೆಂಗಸರ ಸಾಲು ಗುಡ್ಡ ಏರಿತು. ಎಲ್ಲಕ್ಕಿಂತ ದೊಡ್ಡ ಕೌದಿ ಸಂಗಪ್ಪ ಕಾಕಾನ ಹೆಂಡತಿಯದು. ಬಂಡೆಯ ಪಡುವಲ ಬದಿಗೆ ಬಿದಿರಿನ ಕತ್ತರಿಗಳ ಮೇಲೆ ಗಳ ಕಟ್ಟಿ ಒಂದರ ಪಕ್ಕ ಒಂದು ಕೌದಿ ನೇತುಹಾಕಿದೆವು. ಕೆಂಪು, ಹಳದಿ, ನೀಲಿ ಚೂರುಗಳ ಉದ್ದನೆಯ ಗೋಡೆ ಎದ್ದಿತು. ಅದರ ಮಗ್ಗುಲಲ್ಲಿ ನಮ್ಮವರು ಹಾಸು ಎಳೆದು ಕಟ್ಟಿದರು. ಅತ್ತೆ ಈ ಸಲ ಗಂಜಿಯನ್ನು ತೆಳ್ಳಗೆ ಕಾಯಿಸಿ, ಬೇಗ ಸೆಟೆಯದಿರಲೆಂದು ಚೂರು ಎಣ್ಣೆ ಬೆರೆಸಿದ್ದರು.

ಎಲ್ಲ ಸಿದ್ಧವಾದ ಮೇಲೆ ತೊಡಕು ಕಂಡಿತು. ಕುಂಚ ಹಿಡಿಯಲು ಗಂಡಸರಿರಲಿಲ್ಲ. ಮಾವ, ನಮ್ಮವರು ಇಬ್ಬರೇ. ಎರಡು ಬದಿಗೂ ಇಬ್ಬಿಬ್ಬರಿಲ್ಲದೆ ಅಷ್ಟು ಉದ್ದದ ಹಾಸು ಬಾಚುವುದು ಸಾಧ್ಯವಿಲ್ಲ. ಕಾಕಾ ಬರುವುದಿಲ್ಲವೆಂದು ಹೇಳಿ ಕಳಿಸಿದ್ದರು. ಮಾವ ಗುಡ್ಡದ ದಾರಿಯನ್ನೇ ನೋಡುತ್ತ ನಿಂತರು. ಗಂಜಿ ಆರುತ್ತಿತ್ತು. ಅತ್ತೆ ಮುಂದೆ ಬಂದು ಒಂದು ಕುಂಚ ತಾವು ತೆಗೆದುಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟರು. ಮಾವ ಏನೋ ಹೇಳಹೊರಟರು.

"ಓಣ್ಯಾಗ ಹೆಣ್ಮಕ್ಕಳು ಕುಂಚ ಹಿಡ್ಯಾಂಗಿಲ್ಲ, ಖರೆ," ಎಂದರು ಅತ್ತೆ. "ಇದೇನು ಓಣಿ ಏನ್ರಿ? ಇಲ್ಲಿ ಯಾರ ಮನಿ ಐತಿ, ಯಾರ ಕಟ್ಟಿ ಐತಿ, ತೋರಸ್ರಿ ನೋಡೂನು."

ಮಾವ ಸುತ್ತಲೂ ನೋಡಿದರು. ನಿಜಕ್ಕೂ ನೋಡಿದರು. ಬಂಡೆ, ಆಕಾಶ, ಕೌದಿ, ಕೆಳಗೆ ದೂರದಲ್ಲಿ ಊರಿನ ಮಾಳಿಗೆಗಳು, ಅದರಾಚೆ ಹೊಳೆ. ಆಮೇಲೆ ತಮ್ಮ ಕುಂಚ ಎತ್ತಿಕೊಂಡು, ಒತ್ತಿ ಹಿಡಿಯಬೇಡ, ಬೆನ್ನು ಸವರಿದ ಹಾಗೆ ಬಾಚು ಎಂದು ನನಗೆ ಹೇಳಿದರು. ಮದುವೆಯಾಗಿ ಎರಡು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

ಒಂದು ಬದಿಗೆ ಮಾವ, ಅತ್ತೆ. ಇನ್ನೊಂದು ಬದಿಗೆ ನಮ್ಮವರು, ನಾನು. ಬಾಚುತ್ತ ಹೊರಟೆವು. ಮೊದಲು ನನ್ನ ಕುಂಚ ಹಿಂದೆ ಬಿತ್ತು. ಆಮೇಲೆ ನಾಲ್ಕು ಕುಂಚಗಳ ಸರಬರ ಒಂದೇ ಸದ್ದಾಯಿತು, ಕಾಲುಗಳು ತಾವಾಗಿಯೇ ನಡೆದವು. ಎಳೆ ಬಿಡಿಬಿಡಿಯಾಗಿ, ತೇವವಾಗಿ, ಹೊಳೆಯುತ್ತ ಹಿಂದೆ ಉಳಿಯುತ್ತಿತ್ತು. ನಡುವಿಗೆ ಬಂದಾಗ ಗಾಳಿ ಜೋರಾಯಿತು. ಎರಡು ಗಳ ಒಟ್ಟಿಗೆ ವಾಲಿ ಕೌದಿಯ ಗೋಡೆಯಲ್ಲಿ ಸಂದು ಬಿಟ್ಟಿತು, ಗಾಳಿ ಆ ಸಂದಿನಿಂದ ನುಗ್ಗಿತು. ಎಳೆಗಳು ನನ್ನ ಕಣ್ಣ ಮುಂದೆಯೇ ಬಿಳಿಚತೊಡಗಿದವು. ಕುಂಚ ಬಿಟ್ಟು ಓಡುವಂತಿಲ್ಲ. ಅಷ್ಟರಲ್ಲಿ ಕಾಕಾನ ಹೆಂಡತಿ ಕೆಳಗೆ ಬಿದ್ದ ತಮ್ಮ ಕೌದಿಯ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಪಕ್ಕದ ಮನೆಯವಳಿಗೆ ಕೊಟ್ಟು, ಸಂದಿಗೆ ಅಡ್ಡ ನಿಂತರು. ಉಳಿದವರೂ ಎದ್ದು ಬಂದರು. ಗಳ ಅಲುಗಾಡಿದಲ್ಲೆಲ್ಲ ಹೆಂಗಸರು ಕೌದಿ ಹಿಡಿದು ನಿಂತರು. ಗಾಳಿಗೆ ಕೌದಿ ಉಬ್ಬಿ ಮೈಗೆ ಬಡಿಯುತ್ತಿತ್ತು, ಒದ್ದೆ ನೀರು ಮೊಣಕೈಯಿಂದ ಇಳಿಯುತ್ತಿತ್ತು, ಒಬ್ಬರೂ ಕದಲಲಿಲ್ಲ. ನಾವು ಆ ತುದಿ ಮುಟ್ಟಿದೆವು, ತಿರುಗಿ ಈ ತುದಿಗೆ ಬಂದೆವು, ಮತ್ತೊಮ್ಮೆ ಹೋದೆವು.

ಹಾಸು ಹದವಾಗಿ ಒಣಗಿದ ಮೇಲೆ ಮಾವ ಅದರ ಮೇಲೆ ಅಂಗೈ ಆಡಿಸಿದರು. ಬೆರಳಿಂದ ಮೀಟಿದರು. ಬಿಗಿದ ಎಳೆಗಳು ಝುಂ ಎಂದವು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಗಂಜಿ ಚೊಲೋ ಹತ್ತೇತಿ," ಎಂದರು.

ಇಷ್ಟೇ. ಆದರೆ ಆ ಮನುಷ್ಯನ ಬಾಯಲ್ಲಿ ಅದು ಆಸ್ಥಾನದ ಬಿರುದಿಗೆ ಸಮ. ಹೆಂಗಸರು ಕೌದಿ ಕೆಳಗೆ ಬಿಟ್ಟು ಕೈ ಜಾಡಿಸಿಕೊಂಡು ನಗತೊಡಗಿದರು. ನಾನೂ ನಕ್ಕೆ, ಸೆರಗು ಜಾರಿದ್ದು ಗೊತ್ತಾಗದಷ್ಟು ನಕ್ಕೆ. ನವಿಲುತೀರ್ಥದ ಕಡೆಯಿಂದ ಮೋಡ ಕವಿಯುತ್ತಿತ್ತು. ಹಾಸು ಸುತ್ತಿ ಅದಕ್ಕೊಂದು ಕೌದಿ ಹೊದಿಸಿ, ಹನಿ ಬೀಳುವ ಮೊದಲು ಓಡೋಡಿ ಇಳಿದೆವು. ನಿಂತಿದ್ದ ಮಗ್ಗಕ್ಕೇ ಅದನ್ನು ಏರಿಸಿದರು. ಮೊದಲು ಕುಳಿತವಳು ನಾನು. ಮಾವ ಮಲಗುವ ಹೊತ್ತಿಗೆ ಕಾಯಲಿಲ್ಲ, ಅವರು ಎದುರಿಗೆ ಇರುವಾಗಲೇ ಕುಳಿತೆ. ಲಾಳಿ ಅತ್ತಿಂದಿತ್ತ ಹರಿದಾಡಿತು, ಎಳೆ ಹರಿಯಲಿಲ್ಲ. ಬಾಗಿಲಲ್ಲಿ ಓಣಿಯ ಅರ್ಧ ಜನ ನಿಂತಿದ್ದರು.

ಮರುದಿನ ಬೆಳಗ್ಗೆ ಸಂಗಪ್ಪ ಕಾಕಾ ತಮ್ಮ ಹಾಸನ್ನು ತಾವೇ ಹೆಗಲ ಮೇಲೆ ಹೊತ್ತು ಗುಡ್ಡ ಏರಿ ಬಂದರು. ಹೆಂಡತಿ ತೋರಿಸಿದ ಜಾಗದಲ್ಲಿ ಇಳಿಸಿದರು. ಆಮೇಲೆ ದಿನಕ್ಕೊಬ್ಬರು, ಇಬ್ಬರು. ಪಂಚಮಿಯ ಹೊತ್ತಿಗೆ ಗುಡ್ಡದ ಮೇಲೆ ಜಾಗಕ್ಕೆ ಪಾಳಿ ಹಚ್ಚಬೇಕಾಯಿತು. ಕೆಳಗಿನ ಪೇಟೆಯವರು ಅಂಗಡಿಯ ಬಾಗಿಲು ತೆರೆಯುತ್ತ ಗುಡ್ಡದತ್ತ ನೋಡುತ್ತಿದ್ದರಂತೆ. ಬಣ್ಣದ ಗೋಡೆ ಕಂಡರೆ ಇವತ್ತು ನೇಕಾರರ ಕೆಲಸ ನಡೆದಿದೆ ಎಂದು, ಕಾಣದಿದ್ದರೆ ಮಳೆ ಬರುತ್ತದೆ ಎಂದು. ಕುಂಚ ಹಿಡಿಯುವ ಹೆಂಗಸರ ಸಂಖ್ಯೆಯೂ ಬೆಳೆಯಿತು. ಇದನ್ನು ಯಾರೂ ಒಪ್ಪಲಿಲ್ಲ, ಯಾರೂ ತಡೆಯಲೂ ಇಲ್ಲ. ಗುಡ್ಡದ ಮೇಲಿನದು ಗುಡ್ಡದ ಮೇಲೆ ಎಂದು ಓಣಿಯ ಹಿರಿಯರು ಸಮಾಧಾನ ಮಾಡಿಕೊಂಡರು.

ಈ ಸಡಗರದಲ್ಲಿ ಬಸಪ್ಪ ಸಣ್ಣ ಮಾವನಿಗೆ ಬರಬೇಡವೆಂದು ಹೇಳಿ ಕಳಿಸುವುದನ್ನು ಎಲ್ಲರೂ ಮರೆತೆವು. ಹಬ್ಬದ ಮುನ್ನಾದಿನ ಅವರು ಬಂದೇ ಬಂದರು. ಮನೆಗೆ ಹೋದರೆ ಬೀಗ. ಪಕ್ಕದವರು ಗುಡ್ಡದ ಕಡೆ ಕೈ ತೋರಿಸಿದರಂತೆ. ಮೈಮೇಲೆ ಪೈರಣವೆಂಬ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಚೀಲ, ಏದುಸಿರು ಬಿಡುತ್ತ ಬಂಡೆಯ ಅಂಚಿಗೆ ಬಂದು ನಿಂತರು. ಎದುರಿಗೆ ನಾಲ್ಕು ಹಾಸುಗಳ ಸಾಲು, ಕೌದಿಯ ಗೋಡೆ, ಅಣ್ಣ ಒಂದು ಬದಿಗೆ, ಅತ್ತಿಗೆ ಒಂದು ಬದಿಗೆ, ಈಚೆಗೆ ನಾನು ನಮ್ಮವರಿಗೆ ಹಾಸು ಬಿಗಿ ಹಿಡಿಯಿರೆಂದು ಗಟ್ಟಿಯಾಗಿ ಕೂಗುತ್ತಿದ್ದೆ. ಖೋಲಿ ನೋಡಿ ಇಟ್ಟಿದ್ದೇನೆ, ನಾಡಿದ್ದು ಬೆಳಗಿನ ಬಸ್ಸಿಗೆ ಹೊರಡಬೇಕು ಎಂದು ಹೇಳಲು ಬಂದವರು ಅವರು.

ಮಾವ ತಲೆಯೆತ್ತಿ ತಮ್ಮನನ್ನು ನೋಡಿದರು. ಕುಂಚ ಮಾತ್ರ ನಿಲ್ಲಿಸಲಿಲ್ಲ.

"ಬಸಪ್ಪ, ಚೀಲಾ ಆ ಕಲ್ಲಿನ ಮ್ಯಾಲೆ ಇಡು. ಎಳಿ ಒಣಗಾಕ ಹತ್ಯಾವ. ಮೊದಲ ಕುಂಚ ಹಿಡಿ, ಆಮ್ಯಾಲೆ ಮಾತಾಡೂನು."

ಸಣ್ಣ ಮಾವ ಚೀಲ ಇಟ್ಟರು. ಪೈರಣದ ತೋಳು ಮಡಿಚಿದರು. ಕುಂಚ ಹಿಡಿದ ಕೈ ಮೊದಮೊದಲು ತಡವರಿಸಿತು, ಆಮೇಲೆ ಅಣ್ಣನ ಕೈಯ ಜೊತೆ ಸಮವಾಗಿ ನಡೆಯಿತು. ಬಂಡೆಯ ತುದಿ ಮುಟ್ಟಿ ತಿರುಗುವಾಗ ನಾನು ಅವರ ಮುಖ ನೋಡಿದೆ. ಕಾರಖಾನೆಗೆ ಹೋದ ಮೇಲೆ ಅವರ ಕೈಗೆ ಗಂಜಿ ಹತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಗಾಳಿಗೆ ಎಂದರು. ಕೌದಿಯ ಮರೆಯಲ್ಲಿ ಗಾಳಿ ಎಲ್ಲಿತ್ತು?

ಇಚಲಕರಂಜಿಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಹಬ್ಬದ ಉಂಡಿ ಕಟ್ಟಿಸಿಕೊಂಡು ಒಬ್ಬರೇ ಬಸ್ಸು ಹತ್ತಿದರು. ದೀಪಾವಳಿ ಕಳೆದು ನಾಲ್ಕು ದಿನಕ್ಕೆ ನಮ್ಮ ಓಣಿಯ ಡಾಂಬರು ರಸ್ತೆಯ ಮೇಲೆ ಒಂದು ಲಾರಿ ಬಂದು ನಿಂತಿತು. ಗಂಟುಮೂಟೆಯ ಮೇಲೆ ಬಸಪ್ಪ ಸಣ್ಣ ಮಾವ, ಅವರ ಹೆಂಡತಿ, ಮಕ್ಕಳು ಕುಳಿತಿದ್ದರು. ಅತ್ತೆ ಬಾಗಿಲಿಗೆ ಹೋಗಿ, ಬಂದವರ ಕಾಲಿಗೆ ನೀರು ಕೊಟ್ಟು, ಮೊದಲು ಕೇಳಿದ್ದು ಕೌದಿ ಎಷ್ಟು ತಂದಿದ್ದೀರಿ ಎಂದು.